ಎದೆಬಡಿತಕ್ಕೂ ಒಂದು ಲೆಕ್ಕ ಬೇಕು

"ನಮಗೆ ವ್ಯಾಯಾಮವೇಕೆ ಸ್ವಾಮಿ? ಬೆಳಗಿನ ಐದರಿಂದ ರಾತ್ರಿಯ ಹನ್ನೊಂದರ ತನಕ ನಾವು ಮಾಡುವುದೆಲ್ಲ ವ್ಯಾಯಾಮವೇ ಅಲ್ಲವೆ?"

ಸಂಘದಲ್ಲಿ ಆರೋಗ್ಯದ ಮಾತೆತ್ತಿದಾಗಲೆಲ್ಲ ನಮ್ಮ ಹೋಟೆಲು ಬಂಧುಗಳಿಂದ ಬರುವ ಮೊದಲ ಉತ್ತರ ಇದು. ಗಿರಣಿಯಲ್ಲಿ ದುಡಿದ ಹಿರಿಯರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: "ಮಗ್ಗದ ಮುಂದೆ ವರ್ಷಗಟ್ಟಲೆ ನಿಂತ ಕಾಲು ಇದು, ಇನ್ನು ಇದಕ್ಕೆ ನಡೆಯುವುದನ್ನು ಕಲಿಸಬೇಕೆ?" ಈ ಮಾತಿನಲ್ಲಿ ನ್ಯಾಯವಿದೆ, ಪೂರ್ಣ ಸತ್ಯವಿಲ್ಲ. ನ್ಯಾಯವೆಷ್ಟು, ಸತ್ಯವೆಷ್ಟು ಎಂಬುದನ್ನು ತೂಗಿ ನೋಡುವುದಕ್ಕಾಗಿಯೇ ಈ ನಾಲ್ಕು ಮಾತು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ದುಡಿಯುತ್ತಿದ್ದ ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ಒಬ್ಬ ಭಟ್ಟರಿದ್ದರು. ಕುಂದಾಪುರದ ಕಡೆಯವರು, ಪ್ರಾಯ ಐವತ್ತೊಂದು. ಬೀಡಿಯಿಲ್ಲ, ಕುಡಿತವಿಲ್ಲ, ಒಂದು ದಿನ ಕಾಯಿಲೆಯೆಂದು ಮಲಗಿದವರಲ್ಲ. ಮೇ ತಿಂಗಳ ಒಂದು ಭಾನುವಾರ ಗಿರಾಕಿಗಳ ಗರ್ದಿಯೋ ಗರ್ದಿ. ಬೆಳಗಿನ ಆರರಿಂದ ಅವರು ಕಾವಲಿ ಬಿಟ್ಟು ಕದಲಿರಲಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ "ಯಾಕೋ ಎದೆ ಹಿಡಿದ ಹಾಗಾಗುತ್ತದೆ" ಎಂದರು. "ಗ್ಯಾಸ್ ಆಗಿರಬೇಕು, ಒಂದು ಸೋಡಾ ಕುಡಿಯಿರಿ, ಈ ಗರ್ದಿ ಇಳಿಯಲಿ" ಎಂದು ಮಾಲಕರು ಹೇಳಿದರು. ಮಾಲಕರೊಬ್ಬರೇ ಏಕೆ, ಗಲ್ಲದ ಮೇಲೆ ಕೂತಿದ್ದ ನಾನೂ ಹಾಗೆಯೇ ಎಂದುಕೊಂಡೆ. ಗರ್ದಿ ಇಳಿಯಿತು. ಗೋಡೆಗೊರಗಿ ಕುಳಿತ ಭಟ್ಟರು ಮಾತ್ರ ಮತ್ತೆ ಏಳಲಿಲ್ಲ. "ಅಷ್ಟು ಗಟ್ಟಿ ಆಳಿಗೆ ಹೀಗಾಗುವುದೆಂದರೇನು?" ಎಂದು ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು.

ಇನ್ನೊಂದು ಕಥೆ ಈಚಿನದು. ನಮ್ಮ ಕಡೆಯ ಹುಡುಗನೊಬ್ಬ, ಇಪ್ಪತ್ತನಾಲ್ಕರ ಪ್ರಾಯ, ಸಪ್ಲಯರ್ ಕೆಲಸ. ಎದೆಬಡಿತ ತೋರಿಸುವ ಕೈಗಡಿಯಾರವೊಂದನ್ನು ಕಂತಿನಲ್ಲಿ ಕೊಂಡ. ಹನ್ನೆರಡು ಗಂಟೆ ದುಡಿದು, ರಾತ್ರಿ ವ್ಯಾಯಾಮಶಾಲೆಗೆ ಹೋಗಿ, ಓಡುವ ಪಟ್ಟಿಯ ಮೇಲೆ ಹತ್ತಿ, ಆ ಗಡಿಯಾರದ ಅಂಕಿ ಕೆಂಪಗಾಗುವವರೆಗೆ ಓಡುತ್ತಿದ್ದ. "ಅಣ್ಣಾ, ಇವತ್ತು 185 ಮುಟ್ಟಿಸಿದೆ!" ಎಂದು ಪಂದ್ಯ ಗೆದ್ದವನಂತೆ ಹೇಳುತ್ತಿದ್ದ. ಮೂರನೆಯ ವಾರ ತಲೆ ಸುತ್ತಿ ಬಿದ್ದು ಎರಡು ದಿನ ಮಲಗಿದ. ದೇವರ ದಯೆ, ಬೇರೇನೂ ಆಗಲಿಲ್ಲ. ಎರಡು ದಿನದ ಪಗಾರ ಮಾತ್ರ ಕಡಿತವಾಯಿತು.

ಭಟ್ಟರು ದುಡಿಮೆಯೇ ವ್ಯಾಯಾಮವೆಂದು ನಂಬಿದ್ದರು. ಹುಡುಗ ಹೆಚ್ಚು ಬಡಿದಷ್ಟೂ ಹೃದಯಕ್ಕೆ ಹೆಚ್ಚು ಒಳ್ಳೆಯದೆಂದು ನಂಬಿದ್ದ. ಎರಡೂ ತಪ್ಪು, ಎರಡರ ಮೂಲವೂ ಒಂದೇ. ಪಗಾರದ ದಿನ ಒಂದು ರೂಪಾಯಿ ಕಡಿಮೆಯಾದರೆ ಗಲ್ಲದ ಮುಂದೆ ನಿಂತು ಲೆಕ್ಕ ಕೇಳುವ ನಾವು, ಹಗಲಿರುಳು ನಮಗಾಗಿ ದುಡಿಯುವ ಹೃದಯದ ಲೆಕ್ಕವನ್ನು ಒಂದು ದಿನವೂ ಕೇಳಿದವರಲ್ಲ. ಹೃದಯವೂ ಒಬ್ಬ ಕಾರ್ಮಿಕನೇ. ಅದಕ್ಕೂ ಕೆಲಸ ಬೇಕು, ಕೆಲಸಕ್ಕೆ ಒಂದು ಮಿತಿ ಬೇಕು, ಕೆಲಸದ ನಡುವೆ ಬಿಡುವು ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡರಿಂದ ಪ್ರಯೋಜನವಿಲ್ಲ ಎಂಬುದೇ ನನ್ನ ವಾದ.

ಮೊದಲು, ಕೆಲಸ ಬೇಕು ಎಂಬುದನ್ನು ನೋಡೋಣ. ಇದನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಕೂಡ ಕಾರ್ಮಿಕರ ಬದುಕೇ. ಲಂಡನ್ ನಗರದಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರಿದ್ದರು. ಅವರೂ ಅವರ ಸಂಗಡಿಗರೂ ಆ ನಗರದ ಸಾರಿಗೆಯ ಸುಮಾರು 31 ಸಾವಿರ ನೌಕರರ ಆರೋಗ್ಯದ ದಾಖಲೆಗಳನ್ನು ಪರಿಶೀಲಿಸಿ 1953ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಎರಡಂತಸ್ತಿನ ಬಸ್ಸೆಂದರೆ ಮುಂಬಯಿಯವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ತೆರನ ಮನೆತನದಿಂದ ಬಂದವರು. ಆದರೆ ಡ್ರೈವರನು ದಿನವಿಡೀ ಕೂತಲ್ಲೇ ಕೂತಿರುವನು. ಕಂಡಕ್ಟರನು ಟಿಕೇಟು ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿ ಇಳಿಯುವನು. ಹೃದಯದ ಕಾಯಿಲೆ ಕಂಡಕ್ಟರರಲ್ಲಿ ಕಡಿಮೆ. ಬಂದರೂ ಸೌಮ್ಯವಾಗಿ, ತಡವಾಗಿ ಬರುತ್ತಿತ್ತು. ಡ್ರೈವರರಲ್ಲಿ ಹೆಚ್ಚು, ಹಠಾತ್ತಾಗಿ ಸಾಯುವವರೂ ಅವರಲ್ಲೇ ಹೆಚ್ಚು. ಟಪಾಲು ಹಂಚುವವರನ್ನೂ ಕಚೇರಿಯಲ್ಲಿ ಕೂತಿರುವ ಗುಮಾಸ್ತರನ್ನೂ ಹೋಲಿಸಿದಾಗ ಅಲ್ಲಿಯೂ ಇದೇ ಕಂಡುಬಂತು. ಮಾರಿಸರು 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನದೇ ಬಾಳು. ಹದಿನೆಂಟು ವರ್ಷ ನಾನು ಸಪ್ಲಯರನಾಗಿದ್ದೆ, ಅಂದರೆ ಕಂಡಕ್ಟರ. ಆ ಮೇಲೆ ರಾತ್ರಿ ಶಾಲೆಯ ಓದಿನ ಪುಣ್ಯದಿಂದ ಗಲ್ಲದ ಮೇಲೆ ಕೂತೆ, ಅಂದರೆ ಡ್ರೈವರನಾದೆ. ಬಡ್ತಿ ಸಿಕ್ಕಿತೆಂದು ಊರಿಗೆ ಕಾಗದ ಬರೆದೆ. ಐದೇ ವರ್ಷದಲ್ಲಿ ಹೊಟ್ಟೆ ಬಂತು, ರಕ್ತದೊತ್ತಡ ಬಂತು, ದಾದರಿನ ಸೇತುವೆ ಹತ್ತುವಾಗ ನಡುವೆ ಎರಡು ಕಡೆ ನಿಲ್ಲುವ ಹಾಗಾಯಿತು. ಇಂದು ಸಣ್ಣಪುಟ್ಟ ಹೋಟೆಲು ನಡೆಸುವ ನಮ್ಮವರಲ್ಲಿ, ಗಲ್ಲದ ಹಿಂದೆ ಹದಿನಾಲ್ಕು ಗಂಟೆ ಕೂತಿರುವವರಲ್ಲಿ, ಇದೇ ಕಥೆ ಎಷ್ಟು ಜನರದ್ದಿಲ್ಲ?

"ಹಾಗಾದರೆ ನಮ್ಮ ಮಾತೇ ಸರಿಯಾಯಿತಲ್ಲ! ದುಡಿಯುವವನಿಗೆ ಕಾಯಿಲೆಯಿಲ್ಲ!" ಎಂದು ಯಾರಾದರೂ ಎದ್ದು ನಿಲ್ಲಬಹುದು. ನಿಲ್ಲಿ, ಅವಸರ ಬೇಡ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಸುಮಾರು ಹತ್ತು ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಿಡುವಿನ ವೇಳೆಯಲ್ಲಿ ಮೈಯಾಡಿಸಿದವರಿಗೆ ಹೃದಯದ ಕಾಯಿಲೆಯೂ ಸಾವೂ ಕಡಿಮೆ. ಆದರೆ ಹೊಟ್ಟೆಪಾಡಿನ ಕೆಲಸದಲ್ಲಿ ಮೈ ಹಣ್ಣು ಮಾಡಿಕೊಂಡವರಿಗೆ ಎರಡೂ ಹೆಚ್ಚು ಎಂದು ಅದು ಹೇಳುತ್ತದೆ. ಇದರ ಕಾರಣದ ವಿಷಯದಲ್ಲಿ ವಿದ್ವಾಂಸರೊಳಗೆ ಚರ್ಚೆ ಮುಗಿದಿಲ್ಲ. ಬಡತನ, ಇಕ್ಕಟ್ಟಿನ ಮನೆ, ಬೀಡಿ ಸಿಗರೇಟು ಇವುಗಳ ಪಾಲೂ ಇದರಲ್ಲಿದೆ ಎನ್ನುವವರಿದ್ದಾರೆ. ಆದರೆ ಆ ಅಧ್ಯಯನ ನಡೆಸಿದವರು ತೋರಿಸುವ ಕಾರಣಗಳು ಭಟ್ಟಿಯ ಮುಂದೆ ನಿಂತ ಯಾರಿಗೂ ಹೊಸದಲ್ಲ. ವ್ಯಾಯಾಮದಲ್ಲಿ ಎದೆಬಡಿತ ಅರ್ಧ ಗಂಟೆ ಚೆನ್ನಾಗಿ ಏರುತ್ತದೆ, ಆಮೇಲೆ ಪೂರ್ತಿ ಇಳಿಯುತ್ತದೆ. ದುಡಿಮೆಯಲ್ಲಿ ಅದು ಹೃದಯ ಬಲಗೊಳ್ಳುವಷ್ಟು ಏರುವುದೂ ಇಲ್ಲ, ವಿಶ್ರಾಂತಿಯಾಗುವಷ್ಟು ಇಳಿಯುವುದೂ ಇಲ್ಲ; ನಡುವಿನಲ್ಲೇ ಗಂಟೆಗಟ್ಟಲೆ ತೂಗಾಡುತ್ತಿರುತ್ತದೆ. ಲಂಡನ್ನಿನ ಕಂಡಕ್ಟರನು ಮೆಟ್ಟಿಲು ಹತ್ತಿದ ಮೇಲೆ ನಿಲ್ಲುತ್ತಿದ್ದ, ಮಾತಾಡುತ್ತಿದ್ದ, ಮತ್ತೆ ಇಳಿಯುತ್ತಿದ್ದ. ನಮ್ಮ ಭಟ್ಟರಿಗೆ ನಿಲ್ಲುವ ಕಾಲ ಯಾವುದಿತ್ತು?

ಇದರ ಮೇಲೆ ಬಿಸಿ. ಬಿಸಿಯಲ್ಲಿ ನಿಂತವನ ಹೃದಯಕ್ಕೆ ಎರಡು ಪಾಳಿಯ ಕೆಲಸ. ಕೈಕಾಲಿಗೂ ರಕ್ತ ಕಳಿಸಬೇಕು, ಮೈ ತಂಪಾಗಲೆಂದು ಚರ್ಮಕ್ಕೂ ಕಳಿಸಬೇಕು. ಬೆವರಿನಲ್ಲಿ ನೀರು ಹೋದಷ್ಟೂ ರಕ್ತ ಕಡಿಮೆಯಾಗಿ ಬಡಿತ ಮತ್ತಷ್ಟು ಏರುತ್ತದೆ. ನೇಯ್ಗೆ ಖಾತೆಯಲ್ಲಿ ದುಡಿದವರಿಗೆ ಇದು ಗೊತ್ತು. ನೂಲು ಹರಿಯಬಾರದೆಂದು ಅಲ್ಲಿಯ ಗಾಳಿಯನ್ನೇ ತೇವವಾಗಿಡುತ್ತಿದ್ದರು. ಆ ತೇವದಲ್ಲಿ ಬೆವರು ಆರುತ್ತಿರಲಿಲ್ಲ. ನೂಲಿನ ಆರೋಗ್ಯಕ್ಕಿದ್ದ ಕಾಳಜಿ ನೂಲುವವನ ಆರೋಗ್ಯಕ್ಕಿರಲಿಲ್ಲ ಎಂದು ನನ್ನ ಅಣ್ಣ ಹೇಳುತ್ತಿದ್ದ. 1982ರ ಮುಷ್ಕರದ ಅನಂತರ ಅವನ ಗಿರಣಿ ಮತ್ತೆ ತೆರೆಯಲೇ ಇಲ್ಲ. ಬೆವರಿದ ಮಾತ್ರಕ್ಕೆ ವ್ಯಾಯಾಮವಾಯಿತೆಂದು ತಿಳಿಯಬಾರದು. ಬಿಸಿಯಿಂದ ಏರಿದ ಬಡಿತ ಹೃದಯಕ್ಕೆ ಹೊರೆಯೇ ಹೊರತು ಸಾಧನೆಯಲ್ಲ.

ಹಾಗಾದರೆ ಸರಿಯಾದ ಮಿತಿ ಯಾವುದು? ಇದಕ್ಕೆ ಕೈಗಡಿಯಾರದ ಕಂತು ಕಟ್ಟಬೇಕಾಗಿಲ್ಲ. ಸೆಕೆಂಡಿನ ಮುಳ್ಳಿರುವ ಯಾವ ಗೋಡೆ ಗಡಿಯಾರವಾದರೂ ಸಾಕು. ಅಂಗೈಯನ್ನು ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಎರಡು ಬೆರಳುಗಳನ್ನು ಮೆತ್ತಗೆ ಇಡಿ. ಹೆಬ್ಬೆರಳಿನಿಂದ ಮುಟ್ಟಬೇಡಿ, ಅದರದ್ದೇ ಮಿಡಿತ ಲೆಕ್ಕ ತಪ್ಪಿಸುತ್ತದೆ. ಬೆಳಿಗ್ಗೆ ಎದ್ದೊಡನೆ, ಚಹ ಕುಡಿಯುವ ಮೊದಲು, ಒಂದು ನಿಮಿಷ ಎಣಿಸಿ. ಸಾಮಾನ್ಯವಾಗಿ 60ರಿಂದ 100ರ ಒಳಗೆ ಬರುತ್ತದೆ. ಇದು ನಿಮ್ಮ ವಿಶ್ರಾಂತಿಯ ಬಡಿತ. ಮೂರು ದಿನ ಎಣಿಸಿ ಬರೆದಿಟ್ಟುಕೊಳ್ಳಿ.

ಇನ್ನು ಮೇಲಿನ ಮಿತಿ. 220ರಲ್ಲಿ ವಯಸ್ಸನ್ನು ಕಳೆದರೆ ಹೃದಯ ಬಡಿಯಬಲ್ಲ ಗರಿಷ್ಠ ವೇಗ ಬರುತ್ತದೆಂದು ಎಲ್ಲ ಕಡೆ ಬರೆದಿರುತ್ತದೆ. ಇದು 1971ರ ಸುಮಾರಿಗೆ ಬಳಕೆಗೆ ಬಂದ ಒಂದು ಅಂದಾಜು, ದೇವವಾಕ್ಯವಲ್ಲ. 2001ರಲ್ಲಿ ಅಮೇರಿಕದ ತನಾಕ ಮತ್ತು ಸಂಗಡಿಗರು ಇನ್ನೂ ಹೆಚ್ಚು ಜನರ ಲೆಕ್ಕ ನೋಡಿ, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಬೇಕೆಂದರು. ನಲವತ್ತರ ಪ್ರಾಯದಲ್ಲಿ ಎರಡೂ 180 ಎಂದೇ ಹೇಳುತ್ತವೆ. ಅರವತ್ತರಲ್ಲಿ ಒಂದು 160, ಇನ್ನೊಂದು 166 ಎನ್ನುತ್ತದೆ. ಯಾವುದನ್ನು ಹಿಡಿದರೂ ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಅತ್ತಿತ್ತ ಆಗುವುದು ಸಹಜ. ಆದುದರಿಂದ ಗಡಿಯಾರದ ಅಂಕಿ ಕೆಂಪಾಯಿತೆಂದು ಹೆದರುವುದೂ ಬೇಡ, ಕೆಂಪಾಗಿಸಬೇಕೆಂದು ಓಡುವುದೂ ಬೇಡ.

ಇದಕ್ಕಿಂತ ಒಳ್ಳೆಯ ಲೆಕ್ಕ ಫಿನ್ಲೆಂಡಿನದು. ಹೆಲ್ಸಿಂಕಿಯಲ್ಲಿ ಕಾರ್ಮಿಕರ ಆರೋಗ್ಯಕ್ಕಾಗಿಯೇ ಇರುವ ಸಂಸ್ಥೆಯ ಮಾರ್ತ್ತಿ ಕಾರ್ವೊನೆನ್ ಮತ್ತು ಸಂಗಡಿಗರು 1957ರಲ್ಲಿ ಕೆಲವು ತರುಣರನ್ನು ಓಡಿಸಿ ನೋಡಿ ಹೇಳಿದ ಮಾತಿದು: ಗರಿಷ್ಠ ಬಡಿತವೊಂದನ್ನೇ ನೋಡಬೇಡಿ, ವಿಶ್ರಾಂತಿಯ ಬಡಿತಕ್ಕೂ ಗರಿಷ್ಠಕ್ಕೂ ನಡುವೆ ಎಷ್ಟು ಅಂತರವಿದೆಯೋ ಅದೇ ಹೃದಯದ ಉಳಿತಾಯದ ದುಡ್ಡು, ಅದರಲ್ಲಿ ಎಷ್ಟು ಪಾಲು ಖರ್ಚಾಗುತ್ತಿದೆಯೆಂದು ನೋಡಿ. ಐವತ್ತರ ಪ್ರಾಯದ ಒಬ್ಬರನ್ನು ತೆಗೆದುಕೊಳ್ಳೋಣ. ಗರಿಷ್ಠ 170, ವಿಶ್ರಾಂತಿಯಲ್ಲಿ 70. ನಡುವಿನ ಅಂತರ 100. ಸಾಧಾರಣ ವ್ಯಾಯಾಮಕ್ಕೆ ಇದರ ನೂರಕ್ಕೆ 40ರಿಂದ 60 ಪಾಲು ಸಾಕು. ಅಂದರೆ 40ನ್ನೋ 60ನ್ನೋ ವಿಶ್ರಾಂತಿಯ 70ಕ್ಕೆ ಕೂಡಿಸಿ: 110ರಿಂದ 130. ಬಿರುಸಿನ ನಡಿಗೆ ಮಾಡಿ, ನಿಂತೊಡನೆ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮ್ಮ ಸ್ಥಾನ ತಿಳಿಯುತ್ತದೆ. ತಡಮಾಡಿದರೆ ಬಡಿತ ಇಳಿದುಬಿಡುತ್ತದೆ. ಇದೇ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ವಯಸ್ಸು, ತಮ್ಮ ಬಡಿತ ಹಾಕಿ ಮಾಡಿಕೊಳ್ಳಬಹುದು. ಬಡ್ಡಿಯ ಲೆಕ್ಕಕ್ಕಿಂತ ಸುಲಭ.

ಲೆಕ್ಕವೇ ಬೇಡವೆನ್ನುವವರಿಗೆ ಇನ್ನೊಂದು ಅಳತೆಗೋಲಿದೆ. ಇದನ್ನು ವೈದ್ಯರೂ ಒಪ್ಪುತ್ತಾರೆ. ನಡೆಯುವಾಗ ಜೊತೆಗಾರನೊಡನೆ ಮಾತಾಡಲು ಬರಬೇಕು, ಆದರೆ ಹಾಡಲು ಬರಬಾರದು. ಯಕ್ಷಗಾನದ ಪದವೊಂದನ್ನು ಭಾಗವತರ ಹಾಗೆ ಎತ್ತಿ ಹೇಳುತ್ತ ನಡೆಯಬಲ್ಲಿರಾದರೆ ನಿಮ್ಮ ನಡಿಗೆ ಸಾಲದು. ಸ್ವಲ್ಪ ಬೀಸಾಗಿ ಹೆಜ್ಜೆ ಹಾಕಿ. ಊರಿನ ಸಮಾಚಾರ ಕೇಳಿದವನಿಗೆ "ಹೌದು", "ಅಲ್ಲ" ಎಂಬೆರಡು ಮಾತು ಬಿಟ್ಟು ಬೇರೆ ಹೇಳಲು ಉಸಿರಿಲ್ಲವಾದರೆ ಅತಿಯಾಯಿತು, ನಿಧಾನಿಸಿ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರಿಗೆ ಇದೇ ಅಳತೆ ಒಳ್ಳೆಯದು. ಆ ಮಾತ್ರೆಗಳಲ್ಲಿ ಕೆಲವು ಎದೆಬಡಿತವನ್ನೇ ತಗ್ಗಿಸುವುದರಿಂದ ಮೇಲಿನ ಲೆಕ್ಕ ಅವರಿಗೆ ಹೊಂದುವುದಿಲ್ಲ.

ಎಷ್ಟು ಹೊತ್ತು? ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಂದರೆ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ. ಅಷ್ಟಾಗದಿದ್ದರೆ ಆದಷ್ಟು; ಏನೂ ಇಲ್ಲದುದಕ್ಕಿಂತ ಸ್ವಲ್ಪವಾದರೂ ಮೇಲು ಎಂಬುದೂ ಅದೇ ಸಂಸ್ಥೆಯ ಮಾತು. ಗಲ್ಲದವರು, ನಿವೃತ್ತರಾದ ಗಿರಣಿ ಬಂಧುಗಳು, ಟ್ಯಾಕ್ಸಿ ನಡೆಸುವವರು ಇದನ್ನು ಇಂದೇ ಆರಂಭಿಸಬೇಕು. ದಿನವಿಡೀ ನಿಂತು ದುಡಿಯುವವರು ಮಾತ್ರ ಪಾಳಿ ಮುಗಿದ ದಣಿವಿನ ಮೇಲೆ ಓಡಬೇಡಿ. ರಜೆಯ ದಿನ, ಇಲ್ಲವೆ ಮಲಗಿ ಎದ್ದ ಮೇಲೆ ನಡೆಯಿರಿ. ಎದೆ ಹಿಡಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಣ್ಣನೆಯ ಬೆವರು ಬಂದರೆ ಗ್ಯಾಸೆಂದು ಸೋಡಾ ಕುಡಿಯಬೇಡಿ. ಅಲ್ಲಿಂದ ನೇರವಾಗಿ ಆಸ್ಪತ್ರೆಗೆ. ನಮ್ಮ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಬರುವ ನಡುವಯಸ್ಸು 53. ಬೇರೆ ದೇಶದವರಿಗೆ ಸುಮಾರು 59 ಎಂದು ಹಲವು ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2007ರಲ್ಲಿ ತೋರಿಸಿದೆ. ಭಟ್ಟರಿಗೆ ಐವತ್ತೊಂದಾಗಿತ್ತೆಂಬುದನ್ನು ನೆನೆಯಿರಿ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಉಪದೇಶವಾದೀತು. ಬಿಡುವೇ ಇಲ್ಲದವನಿಗೆ ವ್ಯಾಯಾಮ ಮಾಡೆನ್ನುವುದು, ಹಸಿದವನಿಗೆ ಚೆನ್ನಾಗಿ ಅಗಿದು ತಿನ್ನೆಂದಂತೆ. ಆದುದರಿಂದ ಇನ್ನೊಂದು ಲೆಕ್ಕವನ್ನು ನಮ್ಮ ಸಂಘ ಕೈಗೆತ್ತಿಕೊಳ್ಳಬೇಕೆಂದು ನನ್ನ ಬಿನ್ನಹ. ಲೂಸಿಯನ್ ಬ್ರೂಹ ಎಂಬ ವಿಜ್ಞಾನಿ ಕಾರ್ಖಾನೆಗಳ ಬಿಸಿಯಲ್ಲಿ ದುಡಿಯುವವರನ್ನು ಪರೀಕ್ಷಿಸಿ, 1960ರಲ್ಲಿ ಅದರ ಬಗ್ಗೆ ಗ್ರಂಥವನ್ನೇ ಬರೆದನು. ಅವನ ಕ್ರಮ ಬಹಳ ಸರಳ. ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ. ಮೊದಲ ನಿಮಿಷದ ಕೊನೆಯ 30 ಸೆಕೆಂಡು ನಾಡಿ ಎಣಿಸಿ ಎರಡರಿಂದ ಗುಣಿಸಿ. ಮೂರನೆಯ ನಿಮಿಷದ ಕೊನೆಯ 30 ಸೆಕೆಂಡು ಮತ್ತೆ ಹಾಗೆಯೇ ಎಣಿಸಿ. ಮೂರನೆಯ ನಿಮಿಷದಲ್ಲಿ 90ರ ಕೆಳಗೆ ಬಂದರೆ ಕೆಲಸ ತಾಳಿಕೊಳ್ಳುವಂಥದ್ದು. 90ರ ಮೇಲೆಯೇ ಉಳಿದು, ಮೊದಲನೆಯದಕ್ಕಿಂತ ಹತ್ತಾದರೂ ಇಳಿಯದಿದ್ದರೆ, ಕೆಲಸವೋ ಬಿಸಿಯೋ ಆ ಮನುಷ್ಯನಿಗೆ ಮೀರಿದ್ದು. ಅವನಿಗೆ ಬೇಕಾದದ್ದು ವ್ಯಾಯಾಮವಲ್ಲ, ನೆರಳು, ನೀರು, ಬಿಡುವು.

ಈ ಎಣಿಕೆಗೆ ಯಂತ್ರ ಬೇಡ, ಡಾಕ್ಟರೂ ಬೇಡ. ಮೇ ತಿಂಗಳ ಒಂದು ವಾರ ನಮ್ಮ ಸದಸ್ಯರು ತಮ್ಮ ತಮ್ಮ ಹೋಟೆಲಿನಲ್ಲಿ ಇದನ್ನು ಬರೆದು ತರಲಿ. ಸಂಘ ಅದನ್ನು ಒಟ್ಟುಗೂಡಿಸಲಿ. "ಸುಸ್ತಾಗುತ್ತದೆ" ಎಂದು ಬಾಯಲ್ಲಿ ಹೇಳಿದರೆ ಮಾಲಕರು "ಸೋಮಾರಿ" ಎನ್ನುತ್ತಾರೆ. ಇಂಥ ಭಟ್ಟಿಯ ಮುಂದೆ ಮೂರು ನಿಮಿಷ ಕುಳಿತ ಮೇಲೆಯೂ ಇಷ್ಟು ಜನರ ನಾಡಿ ಇಳಿದಿಲ್ಲ ಎಂದು ಕಾಗದದ ಮೇಲೆ ತೋರಿಸಿದರೆ ಉತ್ತರ ಕೊಡಬೇಕಾಗುತ್ತದೆ. ನಾವು ಕೇಳುವುದೇನೂ ಹೊಸದಲ್ಲ. ಅರ್ಧ ಗಂಟೆಯ ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಕಾರ್ಖಾನೆಗಳ ಮಟ್ಟಿಗೆ 1948ರ ಕಾಯ್ದೆಯ 55ನೆಯ ಕಲಮಿನಲ್ಲೇ ಬರೆದಿತ್ತು. ಗಿರಣಿಯ ಕಾರ್ಮಿಕನಿಗೆ ಅಂದೇ ಒಪ್ಪಿದ ನ್ಯಾಯ ಭಟ್ಟಿಯ ಕಾರ್ಮಿಕನಿಗೆ ಇಂದಿಗೂ ಭಾರವಾಗಬೇಕೆ? ಭಟ್ಟಿಯ ಮುಂದಿನವರನ್ನು ಗಂಟೆಗೊಮ್ಮೆ ಬದಲಾಯಿಸುವುದು, ಹೊಗೆ ಎಳೆಯುವ ಫ್ಯಾನು ಹಾಕಿಸುವುದು, ಕೈಗೆ ಸಿಗುವ ಕಡೆ ಕುಡಿಯುವ ನೀರಿಡುವುದು, ಗಿರಾಕಿಯಿಲ್ಲದಾಗ ಕೂತುಕೊಳ್ಳಲು ಒಂದು ಸ್ಟೂಲು ಕೊಡುವುದು, ಇದರಿಂದ ಯಾವ ಹೋಟೆಲೂ ಮುಳುಗುವುದಿಲ್ಲ. ಮಾಲಕರಲ್ಲಿ ಬಹಳ ಮಂದಿ ಒಂದು ಕಾಲದಲ್ಲಿ ನಮ್ಮ ಹಾಗೆಯೇ ಬಸಿ ತೊಳೆದು ಮೇಲೆ ಬಂದವರು. ಹೇಳುವ ಹಾಗೆ ಹೇಳಿದರೆ ಅವರಿಗೂ ಅರ್ಥವಾದೀತು. ಅವರ ಎದೆಯೂ ನಮ್ಮ ಎದೆಯ ಹಾಗೆಯೇ ಬಡಿಯುವಂಥದ್ದು.

ಸಂಘದ ವಾಚನಾಲಯದ ಗೋಡೆಗೆ ಸೆಕೆಂಡಿನ ಮುಳ್ಳಿರುವ ಒಂದು ದೊಡ್ಡ ಗಡಿಯಾರ ಹಾಕಿಸಬೇಕು. ನಾಡಿ ಎಣಿಸುವುದನ್ನು ಪ್ರತಿಯೊಬ್ಬ ಸದಸ್ಯನಿಗೂ ಕಲಿಸಬೇಕು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎಲ್ಲರೂ ಕೂಡಿ ಶಿವಾಜಿ ಪಾರ್ಕಿನ ಸುತ್ತ ನಡೆಯೋಣ. ಆ ಗಡಿಯಾರದ ಖರ್ಚು ನನ್ನದಿರಲಿ. ಭಟ್ಟರು ತೀರಿಕೊಂಡ ದಿನ ನನ್ನ ತಲೆಯ ಮೇಲೆಯೇ ಗೋಡೆಯಲ್ಲಿ ಒಂದು ಗಡಿಯಾರವಿತ್ತು. ಎದ್ದು ಹೋಗಿ ಅವರ ಕೈ ಹಿಡಿದು ಒಂದು ನಿಮಿಷ ಎಣಿಸಲು ನನಗಂದು ತಿಳಿದಿರಲಿಲ್ಲ. ಇನ್ನು ಮುಂದೆ ನಮ್ಮವರಲ್ಲಿ ಯಾರೂ ಹಾಗೆನ್ನುವಂತಾಗಬಾರದು.

— ಒಬ್ಬ ಹಳೆಯ ಹೋಟೆಲು ಕಾರ್ಮಿಕ